ಒಂದೇ ಪಟ್ಟಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ರಾಯಚೂರಿನ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಕೊನೆಯ ವರ್ಷದ ಮಕ್ಕಳಿಗೆ ಕೆಲಸ ಕೊಡಿಸುವ ಜವಾಬ್ದಾರಿ ನನ್ನ ತಲೆಗೆ ಬಂದದ್ದೂ ಅದಕ್ಕೇ ಇರಬೇಕು; ಕಂಪನಿಯವರ ಜೊತೆ ಜಗಳ ಆಡಲು ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ. ಇಷ್ಟಿದ್ದೂ ವರ್ಷಗಟ್ಟಲೆ ಒಂದು ತಪ್ಪನ್ನು ನಾನೇ ಮಾಡುತ್ತಿದ್ದೆ. ಎರಡು ಪಟ್ಟಿ ಬರೆಯುತ್ತಿದ್ದೆ. ಗಿರಣಿ, ಗೋದಾಮು, ಊರೂರು ತಿರುಗುವ ಕೆಲಸಕ್ಕೆ ಹುಡುಗರ ಪಟ್ಟಿ. ಕಂಪ್ಯೂಟರಿನ ಮುಂದೆ ಕೂರುವ ಕೆಲಸಕ್ಕೆ ಹುಡುಗಿಯರದು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಸಂಜೆ ಬಸ್ಸು ತಪ್ಪಿದರೆ ಪಾಪ ಹುಡುಗಿಯರ ಗತಿ ಏನು ಎಂದು ನಾನೇ ಮರುಗುತ್ತಿದ್ದೆ.

ಎರಡು ವರ್ಷದ ಹಿಂದೆ ಮಾನ್ವಿಯ ಒಂದು ಹತ್ತಿ ಗಿರಣಿಯವರು, ಬಂದ ಹತ್ತಿಯ ಗುಣಮಟ್ಟ ನೋಡುವವರು ಬೇಕು ಎಂದು ಬರೆದರು. ಎಂದಿನಂತೆ ಹುಡುಗರ ಹೆಸರಷ್ಟೇ ಬರೆದು ಬೋರ್ಡಿಗೆ ಹಚ್ಚಿದೆ. ಮಧ್ಯಾಹ್ನ ದೇವದುರ್ಗದ ಕಡೆಯ ಮಸರಕಲ್ಲಿನ ಹುಡುಗಿಯೊಬ್ಬಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಅವಳ ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗುವವಳು. ರಜೆ ಬಂದರೆ ಇವಳೂ ಜೊತೆಗೆ.

"ಮೇಡಂ, ನನ್ನ ಹೆಸರ್ಯಾಕ ಇಲ್ರಿ?"

"ಮಾನ್ವಿಯಿಂದ ದೇವದುರ್ಗದ ಕಡಿ ಸಂಜಿ ಬಸ್ಸಿನ ಕಥಿ ನಿನಗ ಗೊತ್ತದ ಅಲ್ಲವಾ?"

"ಬಸ್ಸಿನ ಚಿಂತಿ ನನಗ ಬಿಡ್ರಿ. ಅಲ್ಲೇ ರೂಮ್ ಹಿಡಿತೀನಿ. ಈ ಕೆಲಸ ನನಗ ಬೇಕ್ರಿ. ಹತ್ತಿಯಷ್ಟು ಚೊಲೊ ನನಗ ಮತ್ತೇನೂ ಗೊತ್ತಿಲ್ಲ."

ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನಗೂ ಮೊದಲು ಸಿಟ್ಟೇ ಬಂತು. ಆಮೇಲೆ ನಾಚಿಕೆ. ಬೋರ್ಡಿನ ಹಾಳೆ ಕಿತ್ತು ಗಿರಣಿಯ ಮ್ಯಾನೇಜರರಿಗೆ ಫೋನ್ ಮಾಡಿದೆ.

"ಹೆಣ್ಮಕ್ಕಳು ಬ್ಯಾಡ್ರಿ. ಲಾರಿ ಏರಬೇಕಾಗ್ತದ" ಎಂದರು.

"ಪರೀಕ್ಷಾಕ್ಕ ಎಲ್ಲಾರೂ ಕೂಡ್ತಾರ. ಇಲ್ಲಾಂದ್ರ ಯಾರೂ ಕೂಡಂಗಿಲ್ರಿ" ಎಂದೆ.

ಫೋನ್ ಇಟ್ಟ ಮೇಲೆ, ಹುಡುಗರ ಅನ್ನಕ್ಕೂ ಕಲ್ಲು ಹಾಕಿದೆನೇನೋ ಅನ್ನಿಸಿತು.

ಪರೀಕ್ಷೆಯ ದಿನ ಮ್ಯಾನೇಜರರು ಕಾಲೇಜಿಗೆ ಬಂದರು, ಮುಖ ಗಂಟು ಹಾಕಿಕೊಂಡೇ. ಮೂರು ಗುಡ್ಡೆ ಹತ್ತಿ ಹಾಕಿಸಿ, ತೇವ ಯಾವುದರಲ್ಲಿದೆ ಹೇಳಿ ಎಂದರು. ಬಹಳ ಮಕ್ಕಳು ಮೇಲಿನ ಹತ್ತಿಗೆ ತೇವ ಅಳೆಯುವ ಯಂತ್ರ ಹಿಡಿದು, ಮೂರೂ ಒಣಗಿವೆ ಎಂದುಬಿಟ್ಟರು. ಇವಳು ಮೂರೂ ಗುಡ್ಡೆಗೆ ಮೊಣಕೈವರೆಗೆ ಕೈ ತೂರಿಸಿ, ಒಳಗಿನ ಹತ್ತಿ ತೆಗೆದು ಬೀಜ ಕಚ್ಚಿದಳು. ಒಣಗಿದ ಬೀಜ ಹಲ್ಲಿಗೆ ಕಟ್ ಎನ್ನುತ್ತದೆ. ನಡುವಿನ ಗುಡ್ಡೆಯ ಬೀಜ ಕಟ್ ಎನ್ನಲಿಲ್ಲ.

"ಇದಕ್ಕ ನೀರು ಹೊಡದಾರ್ರಿ."

ಪರೀಕ್ಷೆಗೆಂದೇ ಹೊಡೆಸಿದವರು ಮ್ಯಾನೇಜರರೇ. ಮೊದಲ ಸಲ ನಕ್ಕರು. "ಲಾರಿ ಏರತೀಯೇನವಾ?"

"ಹತ್ತಿ ಗಾಡಿ ಮ್ಯಾಲೇ ಬೆಳದಾಕಿರೀ ನಾನು."

ಅವಳಿಗೂ ಒಬ್ಬ ಹುಡುಗನಿಗೂ ಕೆಲಸ ಸಿಕ್ಕಿತು. ಕವಿತಾಳದ ಇನ್ನೊಬ್ಬ ಹುಡುಗಿಗೆ ಸಿಗಲಿಲ್ಲ, ನನ್ನೆದುರೇ ಅತ್ತಳು. ಸಂಕಟವಾಯಿತು. ಆದರೆ ಅವಳು ಪರೀಕ್ಷೆಗೆ ಕೂತು ಸೋತಿದ್ದಳು, ನನ್ನ ಪೆನ್ನಿನಿಂದ ಸೋತಿರಲಿಲ್ಲ. ಅದರ ಬಗ್ಗೆಯೂ ನನಗೆ ಹೆಮ್ಮೆಯೇ.

ಈ ವರ್ಷ ಮಕ್ಕಳನ್ನು ಆರಿಸಲು ಗಿರಣಿಯವರು ಮಸರಕಲ್ಲಿನ ಆ ಹುಡುಗಿಯನ್ನೇ ಕಳಿಸಿದರು. ನಾನು ಕೊಟ್ಟ ಹಾಳೆಯನ್ನು ಓದಿದಳು, ತಿರುವಿ ಹಿಂಬದಿಯನ್ನೂ ನೋಡಿದಳು.

"ಇದೊಂದೇ ಪಟ್ಟಿ ಏನ್ರೀ, ಮೇಡಂ?"

"ಒಂದೇ ಅದವಾ" ಎಂದೆ. ಎಂಥ ದೊಡ್ಡ ಅಧಿಕಾರಿ ಬಂದು ಕೇಳಿದಾಗಲೂ ಅಷ್ಟು ಎದೆಯುಬ್ಬಿಸಿ ಉತ್ತರ ಕೊಟ್ಟವಳಲ್ಲ ನಾನು.