ನಂಜಮ್ಮ ಕೂತು ಆರಿಸಿದ ಗೇಟು

ಕಳ್ಳ ಬರಬಹುದಿತ್ತು. ಬೀದಿನಾಯಿ ಹಾರಿ ಬಂದು ಕಚ್ಚಬಹುದಿತ್ತು. ದನ ನುಗ್ಗಿ ಹೆಂಡತಿಯ ದಾಸವಾಳ ಮೇಯಬಹುದಿತ್ತು. ಸ್ಕೂಟರು ಹೋಗಬಹುದಿತ್ತು, ಗ್ಯಾಸ್ ಸಿಲಿಂಡರು ಹೋಗಬಹುದಿತ್ತು, ಬಡಾವಣೆಯ ಸಂಘದವರು ನಮ್ಮನ್ನು ಗಣೇಶನ ಪ್ರಸಾದಕ್ಕೂ ಕರೆಯದೆ ಬಿಡಬಹುದಿತ್ತು. ಮನೆಗೆ ಸೊಂಟದೆತ್ತರದ ಗೇಟು ಹಾಕಿಸಿದರೆ ಏನೇನಾಗಬಹುದೆಂದು ನಾನು ಹೀಗೆ ಹೇಳುತ್ತ ಹೋದಾಗ ಎದುರುಮನೆಯ ನಂಜಮ್ಮ ಅವರೆಕಾಯಿ ಸುಲಿಯುತ್ತಲೇ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಭೂಕಂಪ ಬಿಟ್ಟೆ, ಸೀನಪ್ಪ" ಅಂದರು.

ಬೊಮ್ಮಸಂದ್ರದ ನಮ್ಮ ಬಡಾವಣೆ ಎದ್ದಿದ್ದೇ ಅವರ ಮನೆಯವರ ರಾಗಿ ಹೊಲದ ಮೇಲೆ. ಹೊಲ ಹೋಗಿ, ಹಿತ್ತಲಲ್ಲಿ ಬಾಡಿಗೆ ಕೋಣೆಗಳ ಸಾಲು ಬಂದ ಮೇಲೂ ನಂಜಮ್ಮ ಮನೆಯೊಳಗೆ ಕೂತವರಲ್ಲ. ದಿನವಿಡೀ ಜಗಲಿಯ ಮೇಲೆ. ದಾರಿಹೋಕರನ್ನೆಲ್ಲ ತಡೆದು ವಿಚಾರಣೆ: "ಯಾಕವ್ವಾ, ಮೊಕ ಇಂಗಾಗೈತೆ? ಉಂಡ್ಯಾ ಇಲ್ವಾ?" ಪಾಳಿಗೆ ಹೋಗುವ ಹೆಣ್ಣುಮಕ್ಕಳು, ಹೆಚ್ಚಿನವರು ರಾಯಚೂರು, ಕೊಪ್ಪಳದ ಕಡೆಯವರು, ಕಂಪನಿಯ ವ್ಯಾನ್ ಬರುವವರೆಗೆ ಅದೇ ಜಗಲಿಯಲ್ಲಿ ಕೂರುತ್ತಿದ್ದರು. ರಸ್ತೆಯಲ್ಲಿ ನಿಂತರೆ ಬೈಕಿನವರ ಕಾಟ. ನಂಜಮ್ಮನ ಪಕ್ಕ ಕೂತರೆ ಯಾರೂ ಕತ್ತು ತಿರುಗಿಸುತ್ತಿರಲಿಲ್ಲ. ತಿರುಗಿಸಿದವನೊಬ್ಬ ಪಾತ್ರೆ ತೊಳೆದ ನೀರಲ್ಲಿ ಮಿಂದು ಹೋಗಿದ್ದ.

ಸಂಘದ ಅಧ್ಯಕ್ಷರಿಗೆ ಈ ಜಗಲಿ ಕಂಡರೆ ಕಣ್ಣುರಿ. ಇಡೀ ಬೀದಿಗೆ ಒಂದೇ ಮಾದರಿಯ ಗೇಟು, ಆಳೆತ್ತರದ್ದು, ಪೂರ್ತಿ ತಗಡು ಹೊದಿಸಿದ್ದು ಎಂದು ಸಭೆಯಲ್ಲಿ ತೀರ್ಮಾನ ಮಾಡಿಸಿದರು. "ಕಂಡಕಂಡವರೆಲ್ಲ ಬಂದು ಕೂರೋದು ನಿಲ್ಲುತ್ತೆ ನೋಡಿ" ಎಂದು ನನ್ನ ಕಿವಿಯಲ್ಲಿ ಹೇಳಿ, ನಂಜಮ್ಮನನ್ನು ಒಪ್ಪಿಸುವ ಕೆಲಸವನ್ನೂ ನನಗೇ ಅಂಟಿಸಿದರು. ನಾನು ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವವನು, ಅಂದರೆ ಆತಂಕಪಡುವುದಕ್ಕೇ ಸಂಬಳ ಪಡೆಯುವವನು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಮ್ಮ ಹೊಸ ಮನೆಗೂ ಗೇಟು ಆಗಬೇಕಿತ್ತು. ಇಬ್ಬರೂ ಒಟ್ಟಿಗೆ ವೆಲ್ಡಿಂಗ್ ಅಂಗಡಿಗೆ ಹೋದೆವು.

ಅಂಗಡಿಯ ಬಾಬು ಕಬ್ಬಿಣ ತೋರಿಸಿದ, ತೇಗದ ಪಟ್ಟಿ ಕೂರಿಸಿದ್ದು ತೋರಿಸಿದ, ಜೋಡಿ ಸಿಂಹದ ಮುಖವಿದ್ದದ್ದು ತೋರಿಸಿದ. "ಸ್ಟೀಲ್ ತಗೊಳಿ ಅಮ್ಮಾ. ತುಕ್ಕು ಹಿಡಿಯಲ್ಲ, ಒರೆಸಿದ್ರೆ ಕನ್ನಡಿ."

"ನನ್ ಮೊಕ ನಾನ್ಯಾಕಪ್ಪ ನೋಡ್ಕಳ್ಲಿ?" ಅಂದ ನಂಜಮ್ಮ, ಒಂದು ಸ್ಟೂಲು ತರಿಸಿ ಕೂತರು. "ಸೀನಪ್ಪ, ಅತ್ಲಾಗೆ ಓಗಿ ನಿಂತ್ಕೊ."

ತಗಡಿನ ಗೇಟಿನ ಹಿಂದೆ ನಿಂತೆ.

"ಎಲ್ಲೋದೆ?"

"ಇಲ್ಲೇ ಇದೀನಿ ನಂಜಮ್ಮ."

"ಮಾತು ಕೇಳ್ತದೆ, ಮನ್ಸ ಕಾಣಾಕಿಲ್ಲ. ಬ್ಯಾಡ."

ವಧುಪರೀಕ್ಷೆಯ ಹುಡುಗಿಯ ಹಾಗೆ ನಾನು ಒಂದೊಂದು ಗೇಟಿನ ಹಿಂದೆಯೂ ನಿಂತು ಬಂದೆ. ಕೊನೆಗೆ ಮೂಲೆಯಲ್ಲಿ ಒರಗಿಸಿಟ್ಟ, ಬರೀ ಸರಳುಗಳ, ಸೊಂಟದೆತ್ತರದ ಕಬ್ಬಿಣದ ಗೇಟು. ಅದರ ಹಿಂದೆ ನಿಂತಾಗ ಅವರ ಮುಖ ಅರಳಿತು. "ಆಂ, ಈಗ ಕಂಡೆ. ಎದ್ರುಕೊಂಡಿರಾದೂ ಕಾಣ್ತೈತೆ. ಇದೇ ಇರ್ಲಿ. ನೀನೂ ಇದನ್ನೇ ಆಕ್ಸು."

ನನ್ನ ಭಯಗಳನ್ನೆಲ್ಲ ಒಪ್ಪಿಸಿದ್ದು ಆ ಸಂಜೆಯೇ. ಒಪ್ಪಿಸಿ ಮುಗಿಸುವಷ್ಟರಲ್ಲಿ, ಸುದ್ದಿ ತಿಳಿದ ಅಧ್ಯಕ್ಷರು ಜಗಲಿಗೇ ಬಂದರು.

"ರೂಲ್ಸು ಅಂದ್ರೆ ಎಲ್ಲರಿಗೂ ರೂಲ್ಸು, ನಂಜಮ್ಮನೋರೇ."

"ನಿನ್ ರೂಲ್ಸು ಉಟ್ಟಾಕ್ ಮುಂಚೆ ಈ ಜಗಲಿ ಐತೆ ಕಣಪ್ಪ. ಈ ಎಣ್ಮಕ್ಳು ಎಲ್ಲಿ ಕೂರ್ಬೇಕು? ನಿಮ್ಮನೇಲಿ ಕೂರುಸ್ತೀಯಾ? ಕೂರುಸ್ತೀನಿ ಅನ್ನು, ನಾಳೇನೇ ತಗಡಿನ್ ಗೇಟು ಆಕುಸ್ತೀನಿ."

ಅಧ್ಯಕ್ಷರು ಬೆಂಬಲಕ್ಕಾಗಿ ನನ್ನ ಕಡೆ ನೋಡಿದರು. ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಗಾಬರಿಯಾಯಿತು: "ನಾನೂ ಅದೇ ಗೇಟಿಗೆ ಆರ್ಡರ್ ಕೊಟ್ಟಿದೀನಿ, ಸಾರ್." ಕೊಟ್ಟಿರಲಿಲ್ಲ. ಮರುದಿನ ಕೆಲಸಕ್ಕೆ ಹೋಗುವ ಮೊದಲು ಬಾಬುವಿನ ಅಂಗಡಿಗೆ ಓಡಿ ಕೊಟ್ಟು ಬಂದೆ.

ಕೆಲವು ವರ್ಷ ಬೀದಿಯಲ್ಲಿ ನಮ್ಮವೆರಡೇ ಗಿಡ್ಡ ಗೇಟುಗಳಿದ್ದವು. ಆಮೇಲೆ ಒಂದು ಮಳೆಗಾಲದಲ್ಲಿ ಜ್ವರವೆಂದು ಮಲಗಿದ ನಂಜಮ್ಮ ಏಳಲಿಲ್ಲ. ವೈಕುಂಠ ಸಮಾರಾಧನೆ ಮುಗಿದದ್ದೇ ತಡ, ಅವರ ಮಗ ಆ ಗೇಟು ಕಿತ್ತು ಆಳೆತ್ತರದ ತಗಡಿನದ್ದು ನಿಲ್ಲಿಸಿದ. ಜಗಲಿ ಅದರ ಹಿಂದೆ ಮರೆಯಾಯಿತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ, ಹೆಣ್ಣುಮಕ್ಕಳೆಲ್ಲ ನಮ್ಮ ಮೆಟ್ಟಿಲ ಮೇಲೆ. ಚಿಲಕ ಒಳಗಿದ್ದರೇನು, ಗೇಟಿನ ಮೇಲಿಂದ ಕೈ ಹಾಕಿದರೆ ಸಿಗುತ್ತದೆ.

ಸಂಜೆ ಅಧ್ಯಕ್ಷರು ಬಂದರು. "ಈಗಲಾದ್ರೂ ಎತ್ತರ ಮಾಡಿಸ್ರೀ. ನಾಳೆ ಏನಾದ್ರೂ ಆದ್ರೆ?"

ಏನೇನಾಗಬಹುದೆಂದು ನನಗಿಂತ ಚೆನ್ನಾಗಿ ಬಲ್ಲವರು ಈ ಬಡಾವಣೆಯಲ್ಲಿ ಯಾರಿದ್ದಾರೆ? "ಆಗ್ಲಿ ಸಾರ್" ಅಂದೆ. "ಗೇಟು ಮಾತ್ರ ಇಷ್ಟೇ ಇರುತ್ತೆ. ಹೆಣ್ಮಕ್ಕಳೂ ಇಲ್ಲೇ ಕೂರ್ತಾರೆ." ಹೆದರಿಕೆಯೇನೂ ಹೋಗಿರಲಿಲ್ಲ. ಸರಳುಗಳ ನಡುವೆ ಅದು ಅಧ್ಯಕ್ಷರಿಗೂ ಕಂಡಿರಬೇಕು. ಕಾಣಲಿ.

ನಾನು ಹೆದರಿದ್ದ ಯಾವುದೂ ಇದುವರೆಗೆ ಆಗಿಲ್ಲ. ಆಗಿರುವುದು ಒಂದೇ: ಬೆಳಗಿನ ಪೇಪರು ನನಗಿಂತ ಮೊದಲು ಮೆಟ್ಟಿಲಿನವರ ಕೈ ಸೇರುತ್ತದೆ. ನಾನು ಹೊರಗೆ ಬರುವ ಹೊತ್ತಿಗೆ ಮಡಿಕೆ ಕೆಟ್ಟು, ಒಳಪುಟ ಹೊರಗಾಗಿರುತ್ತದೆ. ಕೊಪ್ಪಳದ ರೇಣುಕಾ ವ್ಯಾನಿಗೆ ಓಡುತ್ತಲೇ ಅದನ್ನು ನನ್ನ ಕೈಗಿಟ್ಟು, "ಇವತ್ತ ಏನೂ ವಿಶೇಷ ಇಲ್ರಿ ಸರ, ಆರಾಮ ಓದ್ರಿ" ಅನ್ನುತ್ತಾಳೆ.