ಮಸ್ಕಿ ಪಟ್ಟಿಯ ಮೊದಲ ನಂಬರ್

ಶರಣಮ್ಮ, ತಪ್ಪು ನಿನ್ನದಾಗಿರಲಿಲ್ಲ. ನನ್ನದಾಗಿತ್ತು. ನಿನ್ನನ್ನು ಕೆಲಸದಿಂದ ತೆಗೆದ ದಿನವೇ ಅದು ನನಗೆ ಗೊತ್ತಾಗಿತ್ತು — ಗೊತ್ತಾಗಿಯೂ ಬಾಯಿ ಬಿಡಲಿಲ್ಲ.

ತೊಂಬತ್ತರ ದಶಕದ ಕೊನೆ. ಸಿಂಧನೂರಿನ ನಮ್ಮ ಸಣ್ಣ ಪತ್ರಿಕೆಗೂ ವೆಬ್‌ಸೈಟ್ ಬೇಕೆಂದು ಮಾಲೀಕರಿಗೆ ಹಟ. ವರದಿಗಾರನಾಗಿದ್ದ ನಾನು ಜೆರಾಕ್ಸ್ ಮಾಡಿಸಿದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ವೆಬ್‌ಸೈಟ್ ನಡೆಸುವ ಪ್ರೋಗ್ರಾಂ — ಪರ್ಲ್ ಸ್ಕ್ರಿಪ್ಟ್ — ಬರೆಯಲು ಕಲಿಯುತ್ತಿದ್ದೆ. ನೀನು ಗೊರೇಬಾಳದಿಂದ ದಿನಾ ಬಸ್ಸಿಗೆ ಬಂದು ಡಿಟಿಪಿ ಮಾಡುತ್ತಿದ್ದೆ. "ನಿನ್ ಮ್ಯಾಲ ಒಂದ್ ಮಾತು ಬಂದ್ರೂ ಮನ್ಯಾಗ ಕುಂದ್ರಬೇಕು ನೋಡು" — ಈ ಕರಾರಿನ ಮೇಲೆ ನಿನ್ನಣ್ಣ ಕಳಿಸಿದ್ದ. ಅದನ್ನು ನೀನೇ ನಗುತ್ತ ಹೇಳಿದ್ದೆ.

ಪಿಯುಸಿ ಫಲಿತಾಂಶ ಬಂತು. ಸಿಂಧನೂರು, ಲಿಂಗಸುಗೂರು, ಮಸ್ಕಿ — ಮೂರು ಪಟ್ಟಿ. ಪತ್ರಿಕೆಯ ರೂಢಿಯಂತೆ ಪಾಸಾದವರ ನಂಬರ್ ಮಾತ್ರ. ಪಟ್ಟಿಯಲ್ಲಿ ಇಲ್ಲದವರು ಫೇಲೆಂದು ಓದುಗರೇ ತಿಳಿಯುತ್ತಾರೆ. ಆ ರೂಢಿಯನ್ನೇ ಸ್ಕ್ರಿಪ್ಟಿಗೂ ಇಳಿಸಿದೆ. ವೆಬ್‌ಸೈಟಿನಲ್ಲಿ ಹುಡುಕಿದ ನಂಬರ್ ಪಟ್ಟಿಯಲ್ಲಿ ಸಿಗದಿದ್ದರೆ ಪರದೆಯ ಮೇಲೆ 'ಅನುತ್ತೀರ್ಣ'. 'ನಂಬರ್ ಸಿಗಲಿಲ್ಲ' ಎಂದು ಬರೆಯುವಷ್ಟೂ ಬುದ್ಧಿ ಓಡಲಿಲ್ಲ. ಪಟ್ಟಿಯ ಮೊದಲ ಸಾಲಿನಲ್ಲಿ ಊರಿನ ಹೆಸರಿರುತ್ತದೆಂದು, ಆ ಸಾಲನ್ನು ಬಿಟ್ಟು ಓದುವಂತೆಯೂ ಬರೆದಿದ್ದೆ.

"ಸರ್, ಮಸ್ಕಿದಕ್ಕ ಮ್ಯಾಲ ಊರ ಹೆಸ್ರು ಹಾಕ್ಲೇನ್ರಿ?" ಎಂದು ನೀನು ಕೇಳಿದೆ.

"ಬ್ಯಾಡವಾ, ನಂಬರ್ ಅಷ್ಟೇ ಹೊಡಿ. ಟೈಮಿಲ್ಲ."

ಮೂರನೆಯ ದಿನ ಮಸ್ಕಿಯ ಕಿರಾಣಿ ಅಂಗಡಿಯವರೊಬ್ಬರು ಕಚೇರಿಗೆ ನುಗ್ಗಿದರು. "ಕಾಲೇಜ್ ಬೋರ್ಡಿನ್ಯಾಗ ನನ್ ಮಗಳು ಪಾಸು, ನಿಮ್ ಕಂಪ್ಯೂಟರ್ ಡಬ್ಬಿಯೊಳಗ ಫೇಲು! ಎರಡ್ ದಿನ ಕೂಳು ಮುಟ್ಟಿಲ್ಲ ಹುಡುಗಿ. ಪರೀಕ್ಷಾ ಪೇಪರ್ ಯಾರ್ ತಿದ್ದ್ಯಾರ‍್ರೀ, ನಿಮ್ ಡಬ್ಬಿನಾ?" ಮಾಲೀಕರು ನನ್ನತ್ತ ತಿರುಗಿದರು.

"ಟೈಪಿಂಗ್ ತಪ್ಪು" ಎಂದೆ. ಸ್ಕ್ರಿಪ್ಟನ್ನು ತೆರೆದೂ ನೋಡದೆ.

ನೀನು ಫೈಲ್ ತೆರೆದು ತೋರಿಸಿದೆ. "ಐತ್ ನೋಡ್ರಿ ಸರ್ ನಂಬರ್. ಎಲ್ಲಾದಕ್ಕಿಂತ ಮ್ಯಾಲ ಐತಿ."

ಇತ್ತು. ನಾನೂ ಕಂಡೆ. ಕಂಡು ಏನಂದೆ — "ಈಗ ತಿದ್ದಿ ತೋರಸ್ತೀಯೇನು?"

ಈ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ. ನೀನು ಅಳಲಿಲ್ಲ. "ಸರ್, ನೀವಾ ಹಿಂಗಂದ್ರ —" ಅಷ್ಟೇ. ನಾಳೆಯಿಂದ ಬರಬೇಡವೆಂದರು ಮಾಲೀಕರು. ನೀನು ಊಟದ ಡಬ್ಬಿ ಎತ್ತಿಕೊಂಡು ಹೊರಟೆ.

ಆಮೇಲೆ ಸ್ಕ್ರಿಪ್ಟ್ ತೆರೆದೆ. ಓದಿದ ಪ್ರತಿ ನಂಬರನ್ನೂ ಪರದೆಯ ಮೇಲೆ ತೋರಿಸುವ ಒಂದು ಸಾಲು ಸೇರಿಸಿ, ಫೋನ್ ಲೈನ್ ಕೂಡಿಸಿ ವೆಬ್‌ಸೈಟಿನ ಸರ್ವರಿಗೆ ಕಳಿಸಿದೆ. ಮಸ್ಕಿಯ ಪಟ್ಟಿ ಎರಡನೆಯ ನಂಬರಿನಿಂದ ಶುರುವಾಯಿತು. ಊರಿನ ಹೆಸರೆಂದು ನಾನು ಎಸೆದದ್ದು ಆ ಹುಡುಗಿಯ ನಂಬರನ್ನು. ಹೆಸರು ಹಾಕಲೇ ಎಂದು ನೀನು ಕೇಳಿದ್ದೆ.

ಗೊರೇಬಾಳದ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಬಸ್‌ಸ್ಟ್ಯಾಂಡ್ ಕೂಗಳತೆಯಲ್ಲಿತ್ತು. ಎದ್ದೆ — ಮತ್ತೆ ಕುಳಿತೆ. ಸ್ಕ್ರಿಪ್ಟನ್ನು ಸದ್ದಿಲ್ಲದೆ ತಿದ್ದಿದೆ. ಮರುದಿನದ ಪತ್ರಿಕೆಗೆ ನಾನೇ ವಿಷಾದ ಬರೆದೆ: 'ಬೆರಳಚ್ಚು ದೋಷದಿಂದ...' ಒಂದಕ್ಷರ ತಪ್ಪಿಲ್ಲದ, ಶುದ್ಧ ಸುಳ್ಳು.

ಆಮೇಲೆ ವರ್ಷಗಟ್ಟಲೆ ಬೇರೆಯವರ ತಪ್ಪಿನ ಬೆನ್ನು ಹತ್ತಿ ಬರೆದೆ. ಅಧಿಕಾರಿಯೊಬ್ಬ ತನ್ನ ತಪ್ಪನ್ನು ಗುಮಾಸ್ತನ ತಲೆಗೆ ಕಟ್ಟಿದರೆ ಮೊದಲ ಪುಟದಲ್ಲೇ ಹರಿಹಾಯ್ದೆ. ನಾಚಿಕೆಗೆಟ್ಟವನು! ಒಮ್ಮೆ ಗೊರೇಬಾಳದ ಗದ್ದೆಯಲ್ಲಿ ನೀನು ನಾಟಿ ಮಾಡುತ್ತಿದ್ದೆ. ನೋಡಿದೆ. ಬೈಕ್ ನಿಲ್ಲಿಸಲಿಲ್ಲ.

ಮಾಲೀಕರು ಈಗಿಲ್ಲ, ಪತ್ರಿಕೆ ನನ್ನ ಕೈಗೆ ಬಂದಿದೆ. ನಾಳೆ, ಆ ವಿಷಾದ ಬಂದ ಜಾಗದಲ್ಲೇ, ನನ್ನ ಹೆಸರು ಹಾಕಿ ಈ ಪತ್ರ ಅಚ್ಚಾಗುತ್ತದೆ. ಪತ್ರಿಕೆ ಹಿಡಿದು ಗೊರೇಬಾಳಕ್ಕೆ ಬರುತ್ತೇನೆ, ನಿನ್ನಣ್ಣನ ಮುಂದೆ ನಿಂತು ಓದುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ — ಹೊರಗೆ ನಿಂತೇ, ಓಣಿಗೆಲ್ಲ ಕೇಳುವಂತೆ.