ಸಿಮೆಂಟ್ ಚೀಲಕ್ಕೆ ಎಲ್ಲಿಯ ಪಹಣಿ

ಎದುರು ಮನೆಯವರು ಕಂಪೌಂಡ್ ಗೋಡೆ ಕಟ್ಟಿಸ್ತಾ ಇದ್ದಾರೆ. ಬೆಳಿಗ್ಗೆ ಬೆಳಿಗ್ಗೆ ಒಬ್ಬ ಪೈಪ್ ಹಿಡಿದು ಗೋಡೆಗೆ ನೀರು ಬಿಡ್ತಾನೆ. ಒದ್ದೆ ಸಿಮೆಂಟಿನ ವಾಸನೆ ಸೀದಾ ಬಂದು ನನ್ನ ಕಾಫಿ ಲೋಟಕ್ಕೆ ಬೀಳ್ತದೆ. ನೀರೆಲ್ಲ ಚರಂಡಿಗೆ. ನಿನ್ನೆ ತಡೆಯಲಿಕ್ಕಾಗದೆ ಗೇಟಿನವರೆಗೆ ಹೋಗಿ, "ಅಲ್ಲ ಮಾರಾಯ, ಆ ನೀರನ್ನು ಎರಡು ಗಿಡಕ್ಕಾದರೂ ಬಿಡಬಾರದಾ?" ಅಂದೆ. ಅವನು ಹಿಂದಿಯಲ್ಲಿ ಎಂತದೋ ಹೇಳಿ ನಕ್ಕ. ಬಂದು ಜಗಲಿಯ ಚಿಟ್ಟೆಯಲ್ಲಿ ಕೂತೆ. ಈ ನೀರಿನ ಲೆಕ್ಕಕ್ಕೆ ಜಗಳ ಮಾಡ್ಲಿಕ್ಕೆ ನನಗೆ ಕಲಿಸಿದವಳು ಒಬ್ಬಳಿದ್ದಳು...

ಮೊಮ್ಮಗಳು ಫೋನಿನಲ್ಲಿ ಕನ್ನಡ ಟೈಪ್ ಮಾಡ್ಲಿಕ್ಕೆ ಕಲಿಸಿ ಒಂದು ತಿಂಗಳಾಯಿತು. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಒಂದು ತೆಂಗಿನಕಾಯಿ ತುರಿದು ಮುಗಿಸಬಹುದು. ಆದರೂ ಅವಳ ಬಗ್ಗೆ ಬರೆದೇ ಬಿಡ್ತೇನೆ. ಹೆಸರು ಹಾಕುವುದಿಲ್ಲ. ಎಲ್ಲಿಯಾದರೂ ಇದ್ದು, ಯಾರಾದರೂ ಓದಿ ಹೇಳಿದರೆ ಅಲ್ಲಿಂದಲೇ ಬೈದಾಳು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿರಬೇಕು. ಮಣಿಪಾಲದಲ್ಲಿ ಆಗ ಎಲ್ಲಿ ನೋಡಿದರೂ ವಿದ್ಯಾರ್ಥಿಗಳಿಗೆ ಬಾಡಿಗೆ ಕೊಡುವ ಕಟ್ಟಡ ಏಳ್ತಾ ಇತ್ತು. ನಮ್ಮ ಪಕ್ಕದ ಸೈಟಿನಲ್ಲೂ ನಾಲ್ಕು ಮಾಳಿಗೆಯದ್ದು ಶುರುವಾಯಿತು. ಅದರ ವಾಚ್‌ಮನ್ ಬಾಗಲಕೋಟೆ ಕಡೆಯವನು, ತಗಡಿನ ಶೆಡ್ಡು ಹಾಕಿಕೊಂಡು ಹೆಂಡತಿಯೊಟ್ಟಿಗೆ ಅಲ್ಲೇ ಇದ್ದ. ವಾಚ್‌ಮನ್ ಪಾಪದವನು. ನಾನು ಹೇಳ್ತಾ ಇರುವುದು ಅವನ ಹೆಂಡತಿಯ ಬಗ್ಗೆ.

ಅದೇ ವರ್ಷ ನಮ್ಮ ಮಹಿಳಾ ಮಂಡಳಿಯವರಿಗೆ ಒಂದು ಬ್ಯಾಂಕಿನವರು ಮೂರು ದಿನ ಕೈತೋಟದ ತರಬೇತಿ ಕೊಟ್ಟಿದ್ದರು. ಒಂದು ಫೈಲು, ಒಂದು ಪೆನ್ನು, ಎರಡು ಹೊತ್ತು ಗೋಳಿಬಜೆ. ಕೊನೆಯ ದಿನ ಕೊಟ್ಟ ಸರ್ಟಿಫಿಕೇಟಿಗೆ ನಾನು ಫ್ರೇಮ್ ಹಾಕಿಸಿದೆ. ಆಮೇಲೆ ಹನ್ನೆರಡು ಮಣ್ಣಿನ ಚಟ್ಟಿಯಲ್ಲಿ ಬೆಂಡೆ, ಬದನೆ, ಮೆಣಸು ನೆಟ್ಟೆ. ಒಂದೊಂದಾಗಿ ಎಲ್ಲ ಕೊಳೆತು ಹೋಯಿತು. ಹದಿಮೂರನೆಯದಕ್ಕೆ ನೀರು ಹೊಯ್ತಾ ಇದ್ದಾಗ ಗೋಡೆಯ ಮೇಲೆ ಒಂದು ತಲೆ ಕಾಣಿಸಿತು.

"ಅಮ್ಮಾರ, ಗಿಡಕ್ಕ ನೀರು ಹಾಕಾಕತ್ತೀರೋ, ಜಳಕಾ ಮಾಡಸಾಕತ್ತೀರೋ?"

ನನಗೆ ಸಿಟ್ಟು ಬಂತು. "ನಾನು ತರಬೇತಿ ಆದವಳು. ಸರ್ಟಿಫಿಕೇಟ್ ಉಂಟು," ಅಂದೆ.

"ಗಿಡಕ್ಕ ಅದನ್ನ ಓದಾಕ ಬರತೈತೇನ್ರಿ?"

ಅವತ್ತಿನಿಂದ ಎರಡು ವರ್ಷ ನನಗೆ ನೆಮ್ಮದಿ ಇರಲಿಲ್ಲ.

ಅವಳ ತೋಟ ನೋಡಲಿಕ್ಕೆ ಹೋದೆ, ತಪ್ಪು ಹುಡುಕುವ ಅಂತಲೇ ಹೋದದ್ದು. ಶೆಡ್ಡಿನ ಸುತ್ತ ಖಾಲಿ ಸಿಮೆಂಟ್ ಚೀಲಗಳು ಸಾಲಾಗಿ ನಿಂತಿದ್ದವು, ಒಂದೊಂದರಲ್ಲಿ ಒಂದೊಂದು ಗಿಡ. ಮೆಂತೆ, ಪುಂಡಿ ಸೊಪ್ಪು, ಹರಿವೆ, ಕೈಯುದ್ದದ ಮೆಣಸಿನಕಾಯಿ. ಚೀಲವನ್ನು ಒಳಗಿನದ್ದು ಹೊರಗೆ ಮಾಡಿ ಮೂರು ಸಲ ತೊಳೆದು ಒಣಗಿಸುವುದು. ಅಡಿಗೆ ತೆಂಗಿನ ಸಿಪ್ಪೆ, ಮೇಲೆ ಕೆಂಪು ಮಣ್ಣು, ಒಣ ಎಲೆ, ಸೆಗಣಿ. ನೀರಿಗೆ ಅವಳು ನಲ್ಲಿಯನ್ನೇ ಮುಟ್ಟುವುದಿಲ್ಲ. ಸ್ಲ್ಯಾಬ್ ಹಾಕಿದ ಮೇಲೆ ಅದು ಗಟ್ಟಿಯಾಗಲಿ ಅಂತ ಮಣ್ಣಿನ ಕಟ್ಟೆ ಕಟ್ಟಿ ವಾರಗಟ್ಟಲೆ ನೀರು ನಿಲ್ಲಿಸ್ತಾರಲ್ಲ, ಅದು ಸೋರಿ ಬೀಳುವ ಜಾಗಕ್ಕೆ ಒಂದು ಒಡೆದ ಪೈಪು ಕೊಟ್ಟು ಡ್ರಮ್ಮಿಗೆ ಬಿಟ್ಟುಕೊಂಡಿದ್ದಳು. ಅದರಲ್ಲೂ ಮೊದಲ ಐದಾರು ದಿನದ ನೀರು ಬೇಡ. "ಸುಣ್ಣ ಬಿಟ್ಟಿರತೈತ್ರಿ, ಬೇರು ಸುಡತೈತಿ." ಇದನ್ನು ಮೂರು ದಿನದ ತರಬೇತಿಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ತಪ್ಪು ಸಿಗಲಿಲ್ಲ. ಸಪ್ಪೆ ಮುಖ ಹಾಕಿಕೊಂಡು ಬಂದೆ.

ಆಮೇಲೆ ಅವಳು ನಮ್ಮ ಮನೆಯ ಕಸದ ಬಕೆಟಿಗೆ ಇನ್‌ಸ್ಪೆಕ್ಟರ್ ಆದಳು. ದಿನಾ ಸಂಜೆ ಬಂದು ಇಣುಕುವುದು. "ನಿನ್ನೆ ಕುಂಬಳಕಾಯಿ ಮಾಡಿದ್ರಿ, ಬೀಜ ಎಲ್ಲಿ ಅದಾವ?" ಬಿಸಾಡಿದೆ ಅಂದರೆ ಮುಗಿಯಿತು, ಯಾರೋ ಸತ್ತ ಹಾಗೆ ಹಣೆ ಹಣೆ ಬಡಿದುಕೊಳ್ಳುವುದು. ಅಕ್ಕಿ ತೊಳೆದ ನೀರು ಹಿಡಿದಿಡಬೇಕು. ಬಚ್ಚಲಿನ ನೀರು ಬಾಳೆ ಬುಡಕ್ಕೆ ಹೋಗುವ ಹಾಗೆ ತೋಡು ಮಾಡಬೇಕು. ತೋಡು ಮಾಡಿದೆವು, ನಮ್ಮ ಮನೆಯವರ ಸೊಂಟ ಹಿಡಿಯಿತು. ಅವರು ಅಂಚೆ ಕಚೇರಿಯಲ್ಲಿ ಕೂತು ಕೆಲಸ ಮಾಡಿದ ಜನ. ಅವಳು ಗೋಡೆಯ ಆಚೆಯಿಂದ, "ಸಾಹೇಬ್ರ, ಇನ್ನ ಎರಡು ಬಟ್ಟು ಇಳಜಾರ ಬೇಕ್ರಿ," ಅಂತ ಹೇಳ್ತಾ ನಿಂತಿದ್ದಳು. ಒಂದು ಕೈ ಹಾಕಲಿಲ್ಲ. ಕೇಳಿದ್ದಕ್ಕೆ, "ನಾ ಮಾಡಿದ್ರ ನೀವು ಕಲಿಯಂಗಿಲ್ಲ" ಅಂದಳು.

ನನಗೂ ಒಂದು ದಿನ ಬಂತು ಅನ್ನಿ. ಮೇ ತಿಂಗಳು ಮುಗಿಯುವಾಗ ನಾನು ಹೇಳಿದೆ, "ಏ ಮಾರಾಯ್ತಿ, ಮಳೆ ಬರ್ತದೆ, ಚೀಲಗಳನ್ನು ಕಲ್ಲಿನ ಮೇಲೆ ಏರಿಸು. ಬದಿಗೆ ದೊಡ್ಡ ತೂತು ಮಾಡು. ಮೇಲೆ ತೆಂಗಿನ ಮಡಲಿನ ಚಪ್ಪರ ಹಾಕು." ಅವಳಿಗೆ ನಗು. "ಮಳಿ ಬಂದ್ರ ಚಲೋ ಆತಲ್ರಿ!" ಅವಳ ಊರಿನಲ್ಲಿ ಮಳೆ ಅಂದರೆ ಬಂದರೆ ಹಬ್ಬ. ನಮ್ಮಲ್ಲಿ ಅದು ನೆಂಟನ ಹಾಗೆ ಬಂದು ನಾಲ್ಕು ತಿಂಗಳು ಎದ್ದು ಹೋಗುವುದಿಲ್ಲ. ಜೂನ್ ಎರಡನೇ ವಾರಕ್ಕೆ ಅವಳ ಮೆಂತೆ, ಮೆಣಸು ಎಲ್ಲ ಗಂಜಿಯಾಯಿತು. ಕೊಡೆ ಹಿಡಿದು ಹೋಗಿ, "ಗಿಡಕ್ಕೆ ಜಳಕ ಆಯಿತಾ?" ಅಂತ ಕೇಳಿ ಬಂದೆ. ಸುಳ್ಳು ಯಾಕೆ ಹೇಳಬೇಕು, ಅವತ್ತು ಊಟ ರುಚಿಯಾಯಿತು. ಮರುದಿನ ಇಬ್ಬರೂ ಸೇರಿ ಕೆಂಪು ಕಲ್ಲು ಹೊತ್ತು ಚೀಲ ಏರಿಸಿದೆವು. ಬಸಳೆಯ ಬಳ್ಳಿ ನಾನು ಕೊಟ್ಟೆ. ಒಣಗುವ ಕಾಲದ್ದು ಅವಳು ಹೇಳಿಕೊಟ್ಟಳು, ಸುರಿಯುವ ಕಾಲದ್ದು ನಾನು.

ಎರಡನೇ ವರ್ಷಕ್ಕೆ ಅವಳ ಚೀಲ ಅರುವತ್ತಾಯಿತು. ಹಾಸ್ಟೆಲಿನ ಅಡುಗೆಯವರು, ಬಾಡಿಗೆ ಮನೆಯ ಹೆಂಗಸರು ಬಂದು ಸೊಪ್ಪು ಕೊಂಡುಹೋಗುವುದು, ಚೀಲ ಸಮೇತ ಗಿಡ ಕೇಳುವುದು. ನಾನೇ ಒಂದು ದಿನ ಅವಳನ್ನು ಆ ತರಬೇತಿ ಕೊಟ್ಟ ಬ್ಯಾಂಕಿಗೆ ಕರಕೊಂಡು ಹೋದೆ. ನರ್ಸರಿ ಮತ್ತು ಎರೆಹುಳದ ಗೊಬ್ಬರ ಮಾಡುವ ಹೆಂಗಸರಿಗೆ ಸಣ್ಣ ಸಾಲ ಕೊಡುವ ಯೋಜನೆ ಬಂದಿತ್ತು. ಕೃಷಿ ಸಾಲ ನೋಡಿಕೊಳ್ಳುವ ಆಫೀಸರ್ ಎಲ್ಲ ಕೇಳಿದರು. ಚಿನ್ನ ಅಡವು ಬೇಡ, ಆದರೆ ಜಾಗದ್ದು ಕಾಗದ ಬೇಕು ಅಂದರು. "ಪಹಣಿ ಉಂಟಾ?"

"ಚೀಲಕ್ಕ ಎಲ್ಲಿ ಪಹಣಿ ರೀ ಸಾಹೇಬ್ರ? ಇಟ್ಟಲ್ಲೇ ನನ್ನ ಹೊಲ."

ಇಡೀ ಬ್ಯಾಂಕು ನಕ್ಕಿತು. ಆಫೀಸರ್ ಕೂಡ ನಕ್ಕು, ಹಾಗಾದರೆ ಊರಿನವರು ಯಾರಾದರೂ ಐದು ಸೆಂಟ್ಸ್ ಜಾಗ ಮೂರು ವರ್ಷಕ್ಕೆ ಉಪಯೋಗಿಸಲಿಕ್ಕೆ ಕೊಡ್ತೇನೆ ಅಂತ ಒಂದು ಪತ್ರ ಬರೆದುಕೊಟ್ಟರೆ ಸಾಕು, ನವರಾತ್ರಿಯ ಒಳಗೆ ತನ್ನಿ ಅಂದರು. ಅವಳು ನನ್ನ ಮುಖ ನೋಡಿದಳು. ನಮ್ಮ ಮನೆಯ ಹಿಂದೆ ಸರಿಯಾಗಿ ಐದು ಸೆಂಟ್ಸ್ ಖಾಲಿ ಇತ್ತು, ಮುಳ್ಳು ಹುಲ್ಲು ಬೆಳೆದದ್ದು. "ಅದಕ್ಕೆಂತ, ಕೊಡುವ," ಅಂದೆ ನಾನು. ಎಲ್ಲರ ಎದುರು.

ಮನೆಗೆ ಬಂದ ಮೇಲೆ ಅಪ್ಪ ನೆನಪಾದರು. ನನ್ನ ತವರು ಪೆರ್ಡೂರು ಹತ್ತಿರ. ನಾನು ಸಣ್ಣವಳಿದ್ದಾಗ ನಮಗೆ ಗದ್ದೆ ಇತ್ತು, ಆಮೇಲೆ ಭೂಸುಧಾರಣೆಯ ಡಿಕ್ಲರೇಶನ್ ಬಂತು, ಉಳುವವರ ಹೆಸರಿಗೆ ಹೋಯಿತು. ಹೋದದ್ದು ಸರಿಯೇ. ನಮ್ಮ ಅಪ್ಪ ಒಂದು ದಿನ ಕೆಸರಿಗೆ ಕಾಲಿಟ್ಟವರಲ್ಲ. ಆದರೆ ಆ ಮೇಲೆ ಅಪ್ಪ ಸಾಯುವವರೆಗೂ ಹೇಳಿದ್ದು ಒಂದೇ ಮಾತು, ಯಾರಿಗೂ ಜಾಗದ ವಿಷಯದಲ್ಲಿ ಒಂದು ಗೆರೆ ಬರೆದುಕೊಡಬೇಡಿ ಅಂತ. ಅದು ನನ್ನ ಮೈಗೆ ಅಂಟಿಬಿಟ್ಟಿದೆ. ಊಟ ಕೊಡ್ತೇನೆ, ಸೀರೆ ಕೊಡ್ತೇನೆ, ಕಾಗದ ಅಂದ ಕೂಡಲೇ ಕೈ ತಣ್ಣಗಾಗ್ತದೆ. ಗದ್ದೆ ಎಲ್ಲಿ, ಸಿಮೆಂಟ್ ಚೀಲ ಎಲ್ಲಿ... ಬುದ್ಧಿಗೆ ಗೊತ್ತಾಗ್ತದೆ, ಕೈಗೆ ಗೊತ್ತಾಗುವುದಿಲ್ಲ.

ಅವಳು ಎರಡು ದಿನ ಬಿಟ್ಟು ಕೇಳಿದಳು. ಮನೆಯವರನ್ನು ಕೇಳಬೇಕು ಅಂದೆ. ಕೇಳಲಿಲ್ಲ. ಮತ್ತೆ ಬಂದಳು. "ಈಗ ಆಟಿ ತಿಂಗಳು, ನಮ್ಮಲ್ಲಿ ಆಟಿಯಲ್ಲಿ ಒಳ್ಳೆಯ ಕೆಲಸ ಶುರು ಮಾಡುವುದಿಲ್ಲ," ಅಂದೆ. ಮದುವೆ, ಗೃಹಪ್ರವೇಶ ಮಾಡುವುದಿಲ್ಲ, ನಿಜ. ಬ್ಯಾಂಕಿನ ಪತ್ರಕ್ಕೂ ಆಟಿಗೂ ಎಂತ ಸಂಬಂಧ? ಅದು ನಾನೇ ಸೇರಿಸಿದ್ದು. ಅವಳು ಪೂರ್ತಿ ನಂಬಿದಳು. ಒಳ್ಳೆಯ ಕೆಲಸ ಅಂತ ನಾನೇ ಹೇಳಿದ್ದು ಕೇಳಿ ಖುಷಿಯೇ ಆಯಿತು ಅವಳಿಗೆ.

ಆಟಿ ಮುಗಿಯಿತು. ಪಕ್ಕದ ಕಟ್ಟಡಕ್ಕೆ ಬಣ್ಣ ಬಳಿಯಲಿಕ್ಕೆ ಶುರುವಾಯಿತು, ಇನ್ನು ಶೆಡ್ಡು ತೆಗೆಯುವುದೇ. ಒಂದು ಸಂಜೆ ಅವಳು ಬಂದು ಮೆಟ್ಟಿಲಲ್ಲಿ ಕೂತು ಹೇಳಿದಳು, ಹಿರಿಯಡ್ಕದಲ್ಲಿ ಮುಂಬಯಿಯವರ ಒಂದು ತೋಟ ಉಂಟಂತೆ, ನೋಡಿಕೊಳ್ಳಲಿಕ್ಕೆ ಗಂಡ ಹೆಂಡತಿ ಬೇಕಂತೆ, ಇರಲಿಕ್ಕೆ ಹಂಚಿನ ಮನೆ, ಬಾವಿ, ಪಂಪು ಎಲ್ಲ ಉಂಟಂತೆ. ಚೌತಿಯ ಒಳಗೆ ಹೇಳಬೇಕಂತೆ. "ನಮ್ಮವರು ಹೋಗೂಣು ಅಂತಾರ. ನಾ ಒಲ್ಲೆ ಅಂದೀನಿ. ಅಲ್ಲಿ ಅವರ ತ್ವಾಟ. ಇಲ್ಲಿ ನಂದ. ಅಲ್ರೀ ಅಮ್ಮಾರ?"

ಅವಳು ಕೇಳಿದ್ದು ನನ್ನನ್ನು. ಅಲ್ಲಿಯೇ ಹೇಳಬಹುದಿತ್ತು. ನನಗೆ ಹೆದರಿಕೆ ಉಂಟು, ನನ್ನ ಕೈಯಲ್ಲಿ ಆಗುವುದಿಲ್ಲ, ನೀನು ಹಿರಿಯಡ್ಕಕ್ಕೆ ಹೋಗು ಅಂತ. ನಾಲ್ಕು ಮಾತು. ನಾನು, "ಚೌತಿ ಒಂದು ಮುಗಿಯಲಿ," ಅಂದೆ. ಕಡುಬಿಗೆ ಹಲಸಿನ ಎಲೆ ತರಲಿಕ್ಕೆ ಎದ್ದು ಹೋದೆ. ನೆನೆಸಿದರೆ ಈಗಲೂ ನನ್ನನ್ನೇ ಹಿಡಿದು ಎರಡು ಬಾರಿಸುವ ಅನ್ನಿಸ್ತದೆ.

ಚೌತಿ ಮುಗಿಯಿತು. ಹಿರಿಯಡ್ಕದ ತೋಟಕ್ಕೆ ಬೇರೆ ಯಾರೋ ಬಂದರು. ಕೊನೆಗೆ ಒಂದು ಬೆಳಿಗ್ಗೆ ಬ್ಯಾಂಕಿನ ಫಾರಂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬಂದಳು. ಆ ವಾರವೇ ಕೊನೆ. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದಳು. ನಾನು ಬಾಯಿ ತೆರೆದು, "ಈಗ ಪಿತೃಪಕ್ಷ ನೋಡು..." ಅಂತ ಶುರು ಮಾಡಿದೆ.

ಅವಳು ಬೈಯಲಿಲ್ಲ. ಅಷ್ಟು ಬಾಯಿ ಇದ್ದವಳು. ಕವರನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು, "ಅಮ್ಮಾರ, ಆಗಂಗಿಲ್ಲ ಅಂತ ಅವತ್ತ ಅಂದಿದ್ರ ನಾ ಹಿರಿಯಡ್ಕಕ್ಕ ಹೋಗತಿದ್ನಲ್ರಿ."

ಎಂಟು ದಿನದಲ್ಲಿ ಕಂಟ್ರಾಕ್ಟರ್ ಅವರನ್ನು ಗೋವಾ ಕಡೆಯ ಇನ್ನೊಂದು ಕೆಲಸಕ್ಕೆ ಕಳಿಸಿದ. ಲಾರಿಯಲ್ಲಿ ತಗಡು, ಪಾತ್ರೆ, ಹತ್ತು ಹನ್ನೆರಡು ಚೀಲ ಹಿಡಿಸಿತು. ಉಳಿದದ್ದನ್ನು ಅವಳೂ ಗಂಡನೂ ಎತ್ತಿ ಎತ್ತಿ ಗೋಡೆಯ ಈಚೆಗೆ, ಆ ಐದು ಸೆಂಟ್ಸಿನಲ್ಲಿ ಸಾಲಾಗಿ ಇಟ್ಟರು. ನಾನು ಅಡುಗೆ ಮನೆಯ ಕಿಟಕಿಯಲ್ಲಿ ನಿಂತಿದ್ದೆ, ಹೊರಗೆ ಹೋಗಲಿಲ್ಲ. ಅವಳಿಗೆ ನಾನು ಕಾಣ್ತಾ ಇದ್ದೆ.

"ಇದಕ್ಕ ಕಾಗದ ಬ್ಯಾಡ್ರಿ," ಅಂತ ಕೂಗಿ ಹೇಳಿದಳು. "ನೀರು ನೋಡಿ ಹಾಕ್ರಿ."

ಸಂಜೆ ನಮ್ಮ ಮನೆಯವರು ಬಂದು ಹಿಂದೆ ಚೀಲಗಳನ್ನು ನೋಡಿ ಇದೆಂತ ಅಂತ ಕೇಳಿದರು. ಆಗ ಎಲ್ಲ ಹೇಳಿದೆ. ಅವರು ಅಂಗಿಯ ಗುಂಡಿ ಬಿಚ್ಚುತ್ತಾ, ತಣ್ಣಗೆ, "ಅಷ್ಟೇನಾ? ನನ್ನತ್ರ ಒಂದು ಮಾತು ಹೇಳಬಾರದಿತ್ತಾ? ವಕೀಲರ ಹತ್ತಿರ ಕೇಳಿ ಏನಾದರೂ ಬರೆಸಿಕೊಡಬಹುದಿತ್ತು. ಐದು ಸೆಂಟ್ಸ್ ಅಲ್ವಾ," ಅಂದರು. ಕೈಯಲ್ಲಿದ್ದ ಸೌಟು ಎಸೆಯುವಷ್ಟು ಕೋಪ ಬಂತು. ಯಾರ ಮೇಲೆ ಎಸೆಯುವುದು? ಅವರು ಮಾಡಿದ್ದೆಂತ?

ಚೀಲಗಳು ಎರಡು ವರ್ಷ ಬಂದವು. ಆಮೇಲೆ ಬಿಸಿಲಿಗೆ ನೂಲು ನೂಲಾಗಿ ಬಿಟ್ಟವು. ನಾನು ಬೇರೆ ಮಾಡಿದೆ, ಅವಳು ಹೇಳಿದ ಹಾಗೆಯೇ ಮಾಡಿದೆ, ಈಗಲೂ ಮಾಡ್ತೇನೆ. ನಮ್ಮ ತರಕಾರಿಯ ವಾಟ್ಸಪ್ ಗುಂಪಿನಲ್ಲಿ ಎಲ್ಲರೂ ನನ್ನನ್ನೇ ಕೇಳುವುದು. ಗುರು ಯಾರು ಅಂತ ಯಾರೂ ಕೇಳಿಲ್ಲ, ನಾನಾಗಿ ಹೇಳಿಯೂ ಇಲ್ಲ. ಮನೆಯವರು ತೀರಿಹೋಗಿ ಏಳು ವರ್ಷವಾಯಿತು. ಕಟ್ಟಡ ಕೆಲಸದವರ ಶೆಡ್ಡು ಕಂಡಲ್ಲೆಲ್ಲ ಎಷ್ಟೋ ವರ್ಷ ಇಣುಕಿದೆ. ಬಾಗಲಕೋಟೆಯವರು ಸುಮಾರು ಜನ ಸಿಕ್ಕಿದರು, ಅವಳು ಸಿಕ್ಕಲಿಲ್ಲ. ಈಗ ಆ ಶೆಡ್ಡುಗಳಲ್ಲಿ ಬೇರೆ ಭಾಷೆ.

ಮಗಳ ಮನೆ ಕಾರ್ಕಳದಲ್ಲಿ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗ್ತೇನೆ. ಹಿರಿಯಡ್ಕ ದಾಟುವಾಗ ಎಡಗಡೆಗೆ ಆ ತೋಟ ಸಿಗ್ತದೆ. ಆ ಬದಿಯಲ್ಲಿ ಕೂತರೆ ಹಂಚಿನ ಮನೆ, ಅದರ ಎದುರು ಒಣಗ್ತಾ ಇರುವ ಯಾರದೋ ಬಟ್ಟೆ ಎಲ್ಲ ಕಾಣ್ತದೆ, ಪಂಪಿನ ಶಬ್ದ ಕೂಡ ಕೆಲವು ಸಲ ಕೇಳ್ತದೆ. ಮಗಳು, "ಅಮ್ಮ, ಎಡಗಡೆ ಕೂತ್ಕೊಳ್ಳಿ, ಬಿಸಿಲು ಬರುವುದಿಲ್ಲ," ಅಂತ ಪ್ರತಿ ಸಲ ಫೋನ್ ಮಾಡಿ ಹೇಳ್ತಾಳೆ. ನಾನು ಬಿಸಿಲಿನ ಬದಿಯಲ್ಲೇ ಕೂರುವುದು...